ಶಾಕಪ್ಸರ್ ಬಿಚ್ಚಿದ ಭಾನುವಾರ

ನಮ್ಮ ತಿಳವಳ್ಳಿಯಲ್ಲಿ ‘ಶಾಕಪ್ಸರ್ ಸೈಕಲ್’ ಅಂದರೆ ಎರಡು ಥರ. ಒಂದು, ಹೈಸ್ಕೂಲ್ ಹುಡುಗರು ಹಟ ಮಾಡಿ ಕೊಡಿಸಿಕೊಳ್ಳುವ, ಸೀಟಿನ ಕೆಳಗೆ ಕೆಂಪು ಬಣ್ಣದ ದಪ್ಪ ಸ್ಪ್ರಿಂಗ್ ಇರುವ ಸೈಕಲ್. ಅದರ ಮೇಲೆ ಕೂತು ಜೋರಾಗಿ ತುಳಿದರೆ ಮುಂದೆ ಹೋಗುವುದಕ್ಕಿಂತ ಮೇಲೆ ಕೆಳಗೆ ಕುಣಿಯುವುದೇ ಹೆಚ್ಚು. ಇನ್ನೊಂದು ಥರದ್ದು ಊರಿಗೆಲ್ಲ ಒಂದೇ ಇದೆ. ಅದು ನನ್ನ ತಮ್ಮನದು. ಅದರಲ್ಲಿ ಸ್ಪ್ರಿಂಗೇ ಕಾಣುವುದಿಲ್ಲ. ಆ ಜಾಗದಲ್ಲಿ ಒಂದು ಕಪ್ಪು ಡಬ್ಬಿ, ಅದರೊಳಗಿಂದ ಹೊರಗೆ ಬರುವ ಹೊಳೆಯುವ ಕೊಳವೆ. “ಇದರಾಗ ಏನೈತೋ?” ಎಂದು ಕೇಳಿದವರಿಗೆ ತಮ್ಮ “ಗಾಳಿ” ಅನ್ನುತ್ತಾನೆ. ಕೇಳಿದವರು ನಕ್ಕು ಮುಂದೆ ಹೋಗುತ್ತಾರೆ.

ಅವನು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಶಾಕಪ್ಸರಿಗೆ ಎರಡು ಕೆಲಸ. ಗುಂಡಿ ಬಂದಾಗ ಕುಗ್ಗಿ ಪೆಟ್ಟು ನುಂಗಬೇಕು, ಆಮೇಲೆ ಒಮ್ಮೆಲೇ ಚಿಮ್ಮದೆ ನಿಧಾನವಾಗಿ ಮೊದಲಿನ ಸ್ಥಿತಿಗೆ ಬರಬೇಕು. ಮೊದಲ ಕೆಲಸ ಸ್ಪ್ರಿಂಗಿನದು. ಎರಡನೆಯದು ಒಳಗಿನ ಎಣ್ಣೆಯದು. ಬ್ಯಾಂಕಿನ ಗಾಜಿನ ಬಾಗಿಲು ನೆನಪಿಸಿಕೊಳ್ಳಿ. ನಾವು ಕೈಬಿಟ್ಟ ಕೂಡಲೇ ಅದು ಪಟಾರೆಂದು ಬಡಿದುಕೊಳ್ಳುವುದಿಲ್ಲ, ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಬಾಗಿಲ ಮೇಲಿನ ಪೆಟ್ಟಿಗೆಯೊಳಗೆ ಎಣ್ಣೆ ಸಣ್ಣ ತೂತಿನಲ್ಲಿ ತೂರಿಕೊಂಡು ಹೋಗಬೇಕಾಗಿರುವುದರಿಂದ ಹಾಗಾಗುತ್ತದೆ. ಅಗ್ಗದ ಸೈಕಲ್ಲುಗಳಲ್ಲಿ ಬಹುಪಾಲು ಬರೀ ಸ್ಪ್ರಿಂಗ್ ಇರುತ್ತದೆ, ಎಣ್ಣೆಯ ಭಾಗ ಇರುವುದೇ ಇಲ್ಲ. ಅದಕ್ಕೇ ಆ ಕುಣಿತ. ತಮ್ಮನ ಸೈಕಲ್ಲಿನಲ್ಲಿ ಎರಡೂ ಇವೆ. ಸ್ಪ್ರಿಂಗಿನ ಬದಲು ಅದುಮಿ ತುಂಬಿದ ಗಾಳಿ, ಕೊಳವೆಯೊಳಗೆ ಎಣ್ಣೆ. ಗಾಳಿ ಹೇಗೆ ಸ್ಪ್ರಿಂಗ್ ಆಗುತ್ತದೆ ಎಂದು ಅನುಮಾನವಿದ್ದರೆ ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆ ಅದುಮಿ ನೋಡಿ. ಮೊದಲು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ, ಕೊನೆಗೆ ಜಪ್ಪಯ್ಯ ಅಂದರೂ ಕೆಳಗಿಳಿಯುವುದಿಲ್ಲ.

ಬೆಂಗಳೂರಿನಲ್ಲಿ ಒಬ್ಬರು ವಿದೇಶಕ್ಕೆ ಹೊರಟಾಗ ಮಾರಿದ ಸೈಕಲ್ ಅದು. ಗೋವಿನಜೋಳದ ದುಡ್ಡಿನಲ್ಲಿ 62 ಸಾವಿರ ಕೊಟ್ಟು ಅಪ್ಪ ಕೊಡಿಸಿದರು. ‘ಆ ರೊಕ್ಕಕ್ಕ ಹಳೇ ಬೈಕ ಬರ್ತಿತ್ತು’ ಎಂಬ ಮಾತನ್ನು ಈಗಲೂ ದಿನಕ್ಕೊಮ್ಮೆ ಆಡುತ್ತಾರೆ. ತಮ್ಮನ ಲೆಕ್ಕ ಬೇರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಸೈಕ್ಲಿಂಗ್ ಅಂದರೆ ಬರೀ ಹವ್ಯಾಸವಲ್ಲ. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಹುಡುಗ ಹುಡುಗಿಯರು, ಚಂದರಗಿಯ ಕ್ರೀಡಾ ಶಾಲೆಯ ಮಕ್ಕಳು ರಾಷ್ಟ್ರ ಮಟ್ಟದಲ್ಲಿ ಪದಕ ಗೆಲ್ಲುವುದನ್ನು ಪತ್ರಿಕೆಯಲ್ಲಿ ನೋಡುತ್ತಲೇ ಬೆಳೆದವರು ನಾವು. ರೈಲ್ವೆಯಲ್ಲಿ, ಸೇನೆಯಲ್ಲಿ ಸೈಕ್ಲಿಂಗ್ ತಂಡಗಳಿವೆ, ಕ್ರೀಡಾ ಕೋಟಾದ ನೌಕರಿಗಳಿವೆ. ನಾನು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹಿಡಿದು ಕೂತಿದ್ದರೆ ಅವನು ಅದೇ ನೌಕರಿಗೆ ಗುಡ್ಡದ ದಾರಿ ಹಿಡಿದಿದ್ದಾನೆ, ಅಷ್ಟೇ ವ್ಯತ್ಯಾಸ.

ಗದಗ ಕಡೆ ನಡೆಯಲಿದ್ದ ಆಯ್ಕೆ ಸ್ಪರ್ಧೆಗೆ ಇನ್ನು ಒಂಬತ್ತೇ ದಿನ ಇರುವಾಗ ಸೈಕಲ್ ಹಿಂದೆ ಕುಸಿಯತೊಡಗಿತು. ಶಾಕಪ್ಸರಿನ ಕೊಳವೆಯ ಮೇಲೆ ಒಂದು ಸಣ್ಣ ರಬ್ಬರ್ ಉಂಗುರ ಇರುತ್ತದೆ. ಸವಾರ ಸುಮ್ಮನೆ ಸೀಟಿನ ಮೇಲೆ ಕೂತಾಗ ಶಾಕಪ್ಸರ್ ಎಷ್ಟು ಕುಗ್ಗಿತು ಎಂಬುದನ್ನು ಅದು ತೋರಿಸುತ್ತದೆ. ಒಟ್ಟು ಓಟದ ಶೇ 25ರಿಂದ 30ರಷ್ಟು ಕುಗ್ಗಿದರೆ ಸರಿ. ತಮ್ಮನ ಶಾಕಪ್ಸರಿನ ಓಟ 50 ಮಿಲಿಮೀಟರ್. ಅಂದರೆ ಉಂಗುರ 13ರಿಂದ 15 ಮಿಲಿಮೀಟರಿನ ಹತ್ತಿರ ನಿಲ್ಲಬೇಕು. ಬೆಳಿಗ್ಗೆ ಗಾಳಿ ತುಂಬಿದರೆ ಅಲ್ಲೇ ನಿಲ್ಲುತ್ತಿತ್ತು. ಸಂಜೆ ಹೊತ್ತಿಗೆ 22ಕ್ಕೆ ಇಳಿದಿರುತ್ತಿತ್ತು. ಕಲ್ಲಿನ ದಾರಿಯಲ್ಲಿ ಇಳಿಯುವಾಗ ಡಬ್ ಡಬ್ ಎಂದು ತಳ ಬಡಿಯುವ ಸದ್ದು ನಮಗೇ ಕೇಳಿಸುತ್ತಿತ್ತು.

ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದರೆ, “ಕೊರಿಯರ್ ಮಾಡಿ, ಮೂರು ವಾರ ಆಗುತ್ತದೆ” ಅಂದರು. ಕೊರಿಯರ್ ಎಲ್ಲ ಸೇರಿ ಏಳು ಸಾವಿರದ ಹತ್ತಿರ ಲೆಕ್ಕ. ಮೂರು ವಾರ ಎಂದ ಮೇಲೆ ದುಡ್ಡಿನ ಮಾತು ಎತ್ತುವ ಅಗತ್ಯವೂ ಬೀಳಲಿಲ್ಲ.

ಹೀಗಾಗಿ ಸೈಕಲ್ ಕಾಕಾನ ಅಂಗಡಿಗೆ ಬಂತು. ನಮ್ಮ ಕಾಕಾ ಮೂವತ್ತು ವರ್ಷಗಳಿಂದ ಸೈಕಲ್ ರಿಪೇರಿ ಮಾಡುತ್ತಿದ್ದಾನೆ. ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ಕೊಡುತ್ತಿದ್ದ ಕಾಲವನ್ನೂ ಕಂಡವನು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಸುತ್ತಲಿನ ಹಳ್ಳಿಗಳ ಸೈಕಲ್ಲುಗಳೆಲ್ಲ ಅವನ ಮುಂದೆ ಸಾಲು ನಿಂತಿದ್ದವು. ರಿಮ್ಮಿನ ಸೊಟ್ಟ ಕಣ್ಣಳತೆಯಲ್ಲೇ ತೆಗೆಯುತ್ತಾನೆ. ಅಂಥವನು ಈ ಡಬ್ಬಿಯನ್ನು ಬೆರಳಲ್ಲಿ ತಟ್ಟಿ ನೋಡಿ, “ಗಾಳಿ ಅನ್ನೂದು ಟೈರಿನ್ಯಾಗ ಇರಬೇಕವಾ, ಶಾಕಪ್ಸರಿನ್ಯಾಗ ಏನ್ ಕೆಲಸ ಅದಕ?” ಎಂದು ಬಿಟ್ಟ. ಆದರೂ ಮೊದಲ ಪರೀಕ್ಷೆ ಅವನದ್ದೇ. ವಾಲ್ವಿನ ಮುಚ್ಚಳ ತೆಗೆದು ಅದರ ಬಾಯಿಗೆ ಒಂದಿಷ್ಟು ಉಗುಳು ಹಚ್ಚಿದ. ಗುಳ್ಳೆ ಬರಲಿಲ್ಲ. ಈ ವಾಲ್ವ್ ನಮ್ಮ ಹಳೇ ಸೈಕಲ್ಲುಗಳ ವಾಲ್‌ಟ್ಯೂಬಿನ ಥರದ್ದಲ್ಲ, ಬೈಕಿನ ಟೈರಿನಲ್ಲಿ ಇರುವಂಥದ್ದೇ. ಅದರ ಪಿನ್ ಕೆಟ್ಟಿದ್ದರೆ ಹತ್ತಿಪ್ಪತ್ತು ರೂಪಾಯಿಯಲ್ಲಿ ಕೆಲಸ ಮುಗಿಯುತ್ತಿತ್ತು. ಅದಕ್ಕೇ ಎಲ್ಲಕ್ಕಿಂತ ಮೊದಲು ಅದನ್ನು ನೋಡಬೇಕು. ಆಮೇಲೆ ಸೋಪಿನ ನೀರು ಹಚ್ಚಿದೆವು. ಕೊಳವೆ ಡಬ್ಬಿಯೊಳಗೆ ಹೋಗುವ ಬಾಯಿಯಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದೊಂದಾಗಿ ಎದ್ದವು. ಅಂದರೆ ಒಳಗಿನ ರಬ್ಬರ್ ಸೀಲುಗಳು ಸವೆದಿವೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇಂಥ ಶಾಕಪ್ಸರಿನಲ್ಲಿ ಮನೆಯಲ್ಲಿ ಬಿಚ್ಚಬಹುದಾದ ಭಾಗ ಒಂದು, ಬಿಚ್ಚಬಾರದ ಭಾಗ ಇನ್ನೊಂದು. ಹೊರಗಿನ ಗಾಳಿ ಡಬ್ಬಿಯನ್ನು ಬಿಚ್ಚಬಹುದು. ಅದನ್ನು ‘ಏರ್ ಕ್ಯಾನ್ ಸರ್ವೀಸ್’ ಅನ್ನುತ್ತಾರೆ. ರಾಕ್‌ಶಾಕ್ಸ್ ಕಂಪನಿ ತನ್ನ ಕೈಪಿಡಿಯಲ್ಲಿ ಇದನ್ನು 50 ಗಂಟೆ ಸವಾರಿಗೊಮ್ಮೆ ಮಾಡಿ ಎನ್ನುತ್ತದೆ. ಒಳಗಿನ ಎಣ್ಣೆಯ ಕೊಳವೆಯ ತುದಿಯಲ್ಲಿ ಮಾತ್ರ ನೈಟ್ರೋಜನ್ ಅನಿಲವನ್ನು ಭಾರಿ ಒತ್ತಡದಲ್ಲಿ ತುಂಬಿರುತ್ತಾರೆ. ಎಣ್ಣೆ ನೊರೆಗಟ್ಟದಂತೆ ಕಾಯುವುದು ಆ ಅನಿಲ. ಅದರ ಒತ್ತಡ ನಮ್ಮ ಬೈಕಿನ ಟೈರಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ತುಂಬುವುದಕ್ಕೂ ಬೇರೆಯೇ ಸಾಧನ ಬೇಕು. ಪಲ್ಸರ್ ಬೈಕಿನ ಹಿಂದೆ ‘ನೈಟ್ರಾಕ್ಸ್’ ಎಂದು ಬರೆದ ಸಣ್ಣ ಸಿಲಿಂಡರ್ ಕಂಡಿರುತ್ತೀರಿ, ಅದೂ ಇದೇ ತತ್ವ. ಅದರ ಸ್ಕ್ರೂಗೆ ಪಾನಾ ಹಾಕಬಾರದು, ಕುತೂಹಲಕ್ಕೂ ಹಾಕಬಾರದು.

ಇನ್ನೊಂದು ಅಪಾಯ ಇದೆ. ಗಾಳಿ ಡಬ್ಬಿಯೊಳಗೆ ದೊಡ್ಡ ಕೋಣೆಯ ಜೊತೆಗೆ ಒಂದು ಸಣ್ಣ ಕೋಣೆಯೂ ಇರುತ್ತದೆ, ಅದರ ಗಾಳಿ ಎದುರು ದಿಕ್ಕಿನಲ್ಲಿ ಒತ್ತುತ್ತದೆ. ಕೆಲವೊಮ್ಮೆ ನಡುವಿನ ಸೀಲ್ ಕೆಟ್ಟು ಗಾಳಿಯೆಲ್ಲ ಆ ಸಣ್ಣ ಕೋಣೆ ಸೇರಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ವಾಲ್ವಿನಿಂದ ಗಾಳಿ ಪೂರ್ತಿ ಬಿಟ್ಟರೂ ಶಾಕಪ್ಸರ್ ಕುಗ್ಗಿದ್ದು ಕುಗ್ಗಿದಂತೆಯೇ ಇರುತ್ತದೆ. ಅಂಥದ್ದನ್ನು ಮನೆಯಲ್ಲಿ ತಿರುವಿದರೆ ಡಬ್ಬಿ ಗುಂಡಿನಂತೆ ಹಾರಬಹುದು. ನಮ್ಮದು ಹಾಗಿರಲಿಲ್ಲ, ಗಾಳಿ ಬಿಟ್ಟ ಮೇಲೆ ಕೈಯಿಂದ ಒತ್ತಿದರೆ ಕುಗ್ಗಿ, ಎಳೆದರೆ ಹಿಗ್ಗುತ್ತಿತ್ತು. ಇದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಸೀಲ್ ಕಿಟ್ಟಿಗೆ ಆರ್ಡರ್ ಹಾಕಿದ್ದು. ಎರಡೂವರೆ ಸಾವಿರ, ನಾಲ್ಕನೇ ದಿನಕ್ಕೆ ಬಂತು. ಶಾಕಪ್ಸರಿನ ಮೇಲೆ ಮಾದರಿಯ ಸಂಖ್ಯೆ ಕೆತ್ತಿರುತ್ತದೆ, ಅದನ್ನು ನೋಡಿಯೇ ತರಿಸಬೇಕು. ಹೆಚ್ಚುಕಡಿಮೆ ಒಂದೇ ಥರ ಕಾಣುವ ಉಂಗುರ ಅಂತ ಹಾರ್ಡ್‌ವೇರ್ ಅಂಗಡಿಯ ಓ-ರಿಂಗ್ ಹಾಕಲು ಬರುವುದಿಲ್ಲ.

ಕೆಲಸಕ್ಕೆ ಕೂತಿದ್ದು ಭಾನುವಾರ ಬೆಳಿಗ್ಗೆ, ಅಂಗಡಿಯ ಕದ ಅರ್ಧ ಎಳೆದುಕೊಂಡು. ಕಂಪನಿಯ ಇಂಗ್ಲಿಷ್ ಕೈಪಿಡಿ ನನ್ನ ಮೊಬೈಲಿನಲ್ಲಿ. ನಾನು ಓದಿ ಹೇಳುವುದು, ಕಾಕಾ ಕೇಳಿ “ಹೌದಲ್ಲ” ಎನ್ನುವುದು, ಇಲ್ಲವೇ ಹುಬ್ಬೇರಿಸುವುದು. ಮೊದಲು ಇದ್ದ ಒತ್ತಡ ಬರೆದುಕೊಂಡೆವು, 140 ಪಿಎಸ್‌ಐ. ಎಣ್ಣೆಯ ವೇಗ ಹೊಂದಿಸುವ ಕೆಂಪು ಗುಬ್ಬಿಯನ್ನು ಕೊನೆತನಕ ತಿರುವಿ ಎಷ್ಟು ಕ್ಲಿಕ್ ಎಂದು ಎಣಿಸಿ ಅದನ್ನೂ ಬರೆದೆವು. ಆಮೇಲೆ ಗಾಳಿಯನ್ನು ಒಮ್ಮೆಲೇ ಬಿಡದೆ ಸ್ವಲ್ಪ ಸ್ವಲ್ಪ ಬಿಟ್ಟು, ನಡುನಡುವೆ ಶಾಕಪ್ಸರನ್ನು ಒತ್ತಿ ಬಿಟ್ಟು, ಸಣ್ಣ ಕೋಣೆಯ ಗಾಳಿಯೂ ಖಾಲಿಯಾಗುವಂತೆ ಮಾಡಿದೆವು. ಎರಡು ಬೋಲ್ಟು ಬಿಚ್ಚಿದರೆ ಶಾಕಪ್ಸರ್ ಫ್ರೇಮಿನಿಂದ ಕೈಗೆ ಬರುತ್ತದೆ. ಅದರ ಕಿವಿಯೊಳಗಿನ ಬುಶ್ಶನ್ನು ವೈಸಿನಲ್ಲಿ ಮೆಲ್ಲಗೆ ಒತ್ತಿ ತೆಗೆದೆವು.

ಡಬ್ಬಿ ತಿರುಗಲಿಲ್ಲ. ಕೈಪಿಡಿಯಲ್ಲಿ ಇದಕ್ಕೆ ‘ಸ್ಟ್ರ್ಯಾಪ್ ರೆಂಚ್’ ಬಳಸಿ ಎಂದಿತ್ತು. ತಿಳವಳ್ಳಿಯಲ್ಲಿ ಎಲ್ಲಿಂದ ತರುವುದು? ಪೈಪ್ ಪಾನಾ ಹಾಕಿದರೆ ಡಬ್ಬಿಯ ಮೈಯೆಲ್ಲ ಹಲ್ಲಿನ ಗುರುತು. ಕಾಕಾ ಎದ್ದು ಹೋಗಿ ಹಳೇ ಟ್ಯೂಬೊಂದನ್ನು ಕತ್ತರಿಸಿ ತಂದ. ಒಳಮೈ ಹೊರಗೆ ಬರುವಂತೆ ಡಬ್ಬಿಗೆ ಮೂರು ಸುತ್ತು ಬಿಗಿಯಾಗಿ ಸುತ್ತಿ, ಇನ್ನೊಂದು ತುದಿಯನ್ನು ವೈಸಿನಲ್ಲಿ ಮರದ ಚಕ್ಕೆ ಇಟ್ಟು ಹಿಡಿಸಿ, ಎರಡೂ ಕೈಯಲ್ಲಿ ಹಿಂಡಿದ. ಒದ್ದೆ ಬಟ್ಟೆ ಹಿಂಡಿದ ಹಾಗೆ. ಕರ್ರ್ ಎಂದಿತು. ಮುಂದಿನದನ್ನು ನಾನು ಕೈಯಲ್ಲೇ ತಿರುವಿದೆ, ಮೇಲೊಂದು ದಪ್ಪ ಅರಿವೆ ಮುಚ್ಚಿಕೊಂಡು, ಮುಖ ಪಕ್ಕಕ್ಕೆ ಇಟ್ಟುಕೊಂಡು. ಕೊನೆಯ ಸುತ್ತಿಗೆ ಫುಸ್ ಎಂದು ಉಳಿದ ಗಾಳಿ ಹೋಗಿ ಡಬ್ಬಿ ಜಾರಿತು.

ಒಳಗೆ ಕಂಡಿದ್ದು ನಮ್ಮೂರೇ. ಮಳೆಗಾಲದಲ್ಲಿ ಚಕ್ಕಡಿ ದಾರಿಯ ಕೆಂಪು ರಾಡಿ, ಬೇಸಿಗೆಯಲ್ಲಿ ಅದರದೇ ಧೂಳು. ಎರಡೂ ಎಣ್ಣೆಯ ಜೊತೆ ಕಲಸಿ ಹಲ್ಲುಪುಡಿಯಂಥ ನುಣ್ಣನೆಯ ಕೆಸರಾಗಿ ಬಾಯಿಯ ರಬ್ಬರಿನ ಹಿಂದೆ ಕೂತಿತ್ತು. ಪ್ರತಿ ಸಲ ಶಾಕಪ್ಸರ್ ಕುಗ್ಗಿದಾಗಲೂ ಆ ಕೆಸರು ಮರಳು ಕಾಗದದಂತೆ ಉಜ್ಜುತ್ತದೆ. ಸೀಲ್ ಸವೆದರೆ ಎರಡೂವರೆ ಸಾವಿರಕ್ಕೆ ಸಿಗುತ್ತದೆ. ಹೊಳೆಯುವ ಕೊಳವೆಗೆ ಗೀರು ಬಿದ್ದರೆ ಯಾವ ಸೀಲೂ ಗಾಳಿ ಹಿಡಿಯುವುದಿಲ್ಲ, ಶಾಕಪ್ಸರೇ ಹೊಸದು ಬೇಕು. ಹಾಗಾಗಿ ಒರೆಸಿದ ಕೂಡಲೇ ನಾವು ಮೂವರೂ ನೋಡಿದ್ದು ಕೊಳವೆಯನ್ನೇ. ಒಂದು ಕಡೆ ಕೂದಲೆಳೆಯಷ್ಟು ಗೆರೆ ಇತ್ತು. ತಮ್ಮ ಮಾತಾಡಲಿಲ್ಲ. ಕಾಕಾ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಅಡ್ಡಡ್ಡ ಎಳೆದ. ನಾಲ್ಕೈದು ಸಲ ಎಳೆದು, “ಉಗುರಿಗೆ ಹತ್ತವಲ್ತು. ಬಣ್ಣದ ಗೆರಿ ಐತಿ, ಗೀರಲ್ಲ” ಅಂದ. ಕೈಪಿಡಿ ಹುಡುಕಿದರೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಗಲಿಲ್ಲ.

ಹಳೇ ಸೀಲುಗಳನ್ನು ತೆಗೆಯಲು ಸೂಜಿ, ಸ್ಕ್ರೂಡ್ರೈವರ್ ಬಳಸಬಾರದು. ಸೀಲ್ ಕೂರುವ ಗಾಡಿ ಅಲ್ಯೂಮಿನಿಯಂ, ಮೆತ್ತಗಿನ ಲೋಹ, ಗೀರಿದರೆ ಅಲ್ಲೇ ಗಾಳಿಗೆ ದಾರಿ. ಬಿದಿರಿನ ಕಡ್ಡಿಯನ್ನು ಚಪ್ಪಟೆಯಾಗಿ ಕೆತ್ತಿ ಅದರಿಂದ ಎಬ್ಬಿಸಿದೆವು. ಒಟ್ಟು ಎಂಟು ಉಂಗುರ. ಕೆಲವು ದುಂಡಗೆ, ಒಂದು ನಾಲ್ಕು ಮೂಲೆಯದು, ಅದರ ಎರಡೂ ಪಕ್ಕಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ. ತೆಗೆದ ಕ್ರಮದಲ್ಲೇ ಊಟದ ತಾಟಿನಲ್ಲಿ ಜೋಡಿಸಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದೆ. ತಾಟು ಯಾವುದೆಂದು ಅವ್ವನಿಗೆ ಇನ್ನೂ ಹೇಳಿಲ್ಲ.

ತೊಳೆಯುವ ವಿಷಯದಲ್ಲಿ ಕಾಕಾನಿಗೂ ಕೈಪಿಡಿಗೂ ಜಗಳ. ಅವನ ಅಂಗಡಿಯಲ್ಲಿ ಎಲ್ಲಕ್ಕೂ ಔಷಧ ಚಿಮಣಿ ಎಣ್ಣೆ, ಅದಿಲ್ಲದಿದ್ದರೆ ಪೆಟ್ರೋಲ್. ಕೈಪಿಡಿ ಹೇಳುವುದು ಐಸೊಪ್ರೊಪೈಲ್ ಆಲ್ಕೊಹಾಲ್. ಪೆಟ್ರೋಲಿಗೆ ಕೆಲವು ಬಗೆಯ ರಬ್ಬರ್ ಉಬ್ಬುತ್ತದೆ, ಆಲ್ಕೊಹಾಲ್ ಜಿಡ್ಡನ್ನು ಎತ್ತಿ ತಾನೂ ಆರಿಹೋಗುತ್ತದೆ. ಕೊರೊನಾ ಕಾಲದಲ್ಲಿ ತಂದ ಬಾಟಲಿಯೊಂದು ಮನೆಯಲ್ಲಿ ಉಳಿದಿತ್ತು, ಉಪಯೋಗಕ್ಕೆ ಬಂತು. ಗ್ರೀಸಿನ ವಿಷಯದಲ್ಲೂ ಅಷ್ಟೆ. ಬೇರಿಂಗಿಗೆ ಹಾಕುವ ದಪ್ಪ ಗ್ರೀಸನ್ನು ಇಲ್ಲಿ ಮೆತ್ತಿದರೆ, ದೊಡ್ಡ ಕೋಣೆಯಿಂದ ಸಣ್ಣ ಕೋಣೆಗೆ ಗಾಳಿ ದಾಟುವ ಸಣ್ಣ ದಾರಿಯೇ ಮುಚ್ಚಿಹೋಗುತ್ತದೆ. ಶಾಕಪ್ಸರಿಗೆಂದೇ ಬರುವ ಬೆಣ್ಣೆಯಂಥ ಮೆತ್ತನೆಯ ಗ್ರೀಸನ್ನು ಸೀಲಿಗೆ ಸವರಿ, ಡಬ್ಬಿಯೊಳಗೆ ಕೈಪಿಡಿ ಹೇಳಿದಷ್ಟೇ ಎಣ್ಣೆ ಹಾಕಬೇಕು. ಆ ಅಳತೆ ಒಂದು ಮಿಲಿಲೀಟರಿಗೂ ಕಡಿಮೆ. ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ ಸಿರಿಂಜ್ ತಂದರೆ ಅಳತೆ ತಪ್ಪುವುದಿಲ್ಲ. ಇನ್ನೊಂದು, ಈ ಎಣ್ಣೆಯ ಕೈಯಲ್ಲಿ ಡಿಸ್ಕ್ ಬ್ರೇಕ್ ಮುಟ್ಟಬೇಡಿ. ಶಾಕಪ್ಸರ್ ಸರಿಯಾಗುತ್ತದೆ, ಸೈಕಲ್ ನಿಲ್ಲುವುದಿಲ್ಲ.

ಗ್ರೀಸಿನ ಮಾತು ಬಂದಾಗ ಕಾಕಾನಿಗೆ ಒಂದು ಕಥೆ ಹೇಳಿದೆ. ಮೌಂಟೇನ್ ಬೈಕಿನ ಹುಟ್ಟಿನ ಕಥೆಯಲ್ಲೂ ಗ್ರೀಸ್ ಇದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಎಂಬಲ್ಲಿ ಕೆಲವು ಹುಡುಗರು ಹಳೇ ಕಾಲದ ಭಾರದ ಸೈಕಲ್ಲುಗಳನ್ನು ಗುಡ್ಡದ ಮೇಲೆ ಒಯ್ದು, ಅಲ್ಲಿಂದ ಕೆಳಗೆ ರೇಸ್ ಬಿಡುತ್ತಿದ್ದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವು. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗಿರುತ್ತಿತ್ತು. ಪ್ರತಿ ಸಲವೂ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಾಗಿದ್ದರಿಂದ ಆ ದಾರಿಗೇ ‘ರೀಪ್ಯಾಕ್’ ಎಂದು ಹೆಸರು ಬಿತ್ತು. ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟ ಒಲಿಂಪಿಕ್ಸಿಗೆ ಆ ಆಟ ಹೋಯಿತು. ಕಾಕಾ ಕೇಳಿ, “ಹಂಗಾದ್ರ ಅವರೂ ನಮ್ಮ ಮಂದಿನ” ಎಂದು ಮತ್ತೆ ಕೆಲಸಕ್ಕೆ ಬಗ್ಗಿದ. ಆಮೇಲೆ ಡಬ್ಬಿಯನ್ನು ಅವನು ‘ಗಾಳಿ ಡಬ್ಬಿ’ ಎಂದು ಹಂಗಿಸಿದ್ದು ಕಡಿಮೆ.

ಜೋಡಿಸುವಾಗ ತೊಡಕಾಗಿದ್ದು ಬೋಲ್ಟು. ನಮ್ಮ ಸೈಕಲ್ಲಿನ ಫ್ರೇಮಿನ ಮೇಲೆ ‘10 ನ್ಯೂಟನ್ ಮೀಟರ್’ ಎಂದು ಬರೆದಿದೆ. ಕಡಿಮೆಯಾದರೆ ಸಡಿಲ, ಹೆಚ್ಚಾದರೆ ಎಳೆ ಹೋಗುತ್ತದೆ. ಟ್ರ್ಯಾಕ್ಟರ್ ಗ್ಯಾರೇಜಿನ ಟಾರ್ಕ್ ರೆಂಚ್ ಕೇಳಿ ತಂದರೆ ಅದರ ಗೆರೆಗಳು ಶುರುವಾಗುವುದೇ ಇದರ ನಾಲ್ಕು ಪಟ್ಟಿನಿಂದ. ಆಗ ಪಿಯುಸಿ ಭೌತವಿಜ್ಞಾನ ಕೈಹಿಡಿಯಿತು. ಟಾರ್ಕ್ ಎಂದರೆ ಬಲ ಗುಣಿಲೆ ದೂರ. ಬೋಲ್ಟಿನ ನಡುವಿನಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಅಲೆನ್ ಕೀಗೆ ಸುಮಾರು ಹತ್ತು ಕಿಲೊ ತೂಕದಷ್ಟು ಎಳೆದರೆ ಹೆಚ್ಚುಕಡಿಮೆ ಹತ್ತು ನ್ಯೂಟನ್ ಮೀಟರ್. ಮೆಣಸಿನಕಾಯಿ ಚೀಲ ತೂಗುವ ಡಿಜಿಟಲ್ ಕೊಕ್ಕೆ ಕಾಟಾ ಪಕ್ಕದ ಅಂಗಡಿಯಲ್ಲಿತ್ತು. ಕೀ ಮೇಲೆ ಗುರುತು ಮಾಡಿ, ಅಲ್ಲಿ ಕೊಕ್ಕೆ ಸಿಕ್ಕಿಸಿ, ಕೀಗೆ ನೇರ ಕೋನದಲ್ಲಿ ಎಳೆದೆ. ಕಾಟಾದಲ್ಲಿ 10.1 ಬಂದಾಗ ನಿಲ್ಲಿಸಿದೆ. ಅದಕ್ಕೂ ಮೊದಲೇ ಕಾಕಾ ಇನ್ನೊಂದು ಬೋಲ್ಟನ್ನು ಬರೀ ಕೈಯಂದಾಜಿನಲ್ಲಿ ಬಿಗಿದಿದ್ದ. ಅದನ್ನೂ ಎಳೆದು ನೋಡಿದರೆ 9.8ಕ್ಕೆ ಅಲುಗಿತು. ನಾನು ಸುಮ್ಮನಾದೆ, ಅವನು ಮೀಸೆಯಲ್ಲಿ ನಕ್ಕ.

ಗಾಳಿ ತುಂಬುವುದಕ್ಕೆ ಮಾಮೂಲಿ ಪಂಪ್ ನಡೆಯದು, ಶಾಕ್ ಪಂಪ್ ಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚುವ ಸಾಹಸ ಬೇಡವೇ ಬೇಡ, ಇಷ್ಟು ಸಣ್ಣ ಡಬ್ಬಿಗೆ ಕ್ಷಣದಲ್ಲಿ ಎಷ್ಟು ಹೋಯಿತೆಂದೇ ಗೊತ್ತಾಗದು. ಮೊದಲು 50 ಪಿಎಸ್‌ಐ ತುಂಬಿ ಹತ್ತು ಸಲ ಒತ್ತಿ ಬಿಟ್ಟು ಎರಡೂ ಕೋಣೆ ಸಮ ಮಾಡಬೇಕು, ಆಮೇಲೆ 100, ಆಮೇಲೆ 140. ಪಂಪ್ ತೆಗೆಯುವಾಗ ಪುಸ್ ಎಂದರೆ ಗಾಬರಿ ಬೇಡ, ಅದು ಪಂಪಿನ ಪೈಪಿನೊಳಗಿನ ಗಾಳಿ. ಅದೇ ರೀತಿ ಮರುದಿನ ಪಂಪ್ ಹಚ್ಚಿ ನೋಡಿದರೆ ಮುಳ್ಳು ಕೆಲವು ಅಂಕಿ ಕಡಿಮೆಯೇ ತೋರಿಸುತ್ತದೆ, ಡಬ್ಬಿಯ ಗಾಳಿ ಪೈಪಿಗೂ ಹಂಚಿಹೋಗುವುದರಿಂದ. ಇದು ತಿಳಿಯದೆ ಸೋರುತ್ತಿದೆ ಎಂದು ಮತ್ತೆ ಬಿಚ್ಚುವವರಿದ್ದಾರಂತೆ. ನಂಬಬೇಕಾದ್ದು ಪಂಪಿನ ಮುಳ್ಳನ್ನಲ್ಲ, ರಬ್ಬರ್ ಉಂಗುರವನ್ನು. ಸೋಮವಾರ ಬೆಳಿಗ್ಗೆ ತಮ್ಮ ಕೂತಾಗ ಉಂಗುರ 14ರಲ್ಲಿ ನಿಂತಿತು. ಸಂಜೆ ಕೆರೆ ಏರಿ ಸುತ್ತಿ, ಕಲ್ಲುಗುಡ್ಡ ಇಳಿದು ಬಂದ ಮೇಲೂ 14. “ಯಕ್ಕಾ, ನಿಂತೈತಿ” ಎಂದು ಹಾದಿಯಿಂದಲೇ ಕೂಗಿದ.

ಗದಗದ ಸ್ಪರ್ಧೆಯಲ್ಲಿ ಅವನಿಗೆ ಹದಿನಾಲ್ಕನೇ ಸ್ಥಾನ ಬಂತು, ಆಯ್ಕೆಯಾಗಲಿಲ್ಲ. ಶಾಕಪ್ಸರ್ ಕೊನೆಯ ಸುತ್ತಿನವರೆಗೂ ಗಾಳಿ ಹಿಡಿದಿತ್ತು, ಮೂರನೇ ಏರಿನಲ್ಲಿ ಕಾಲು ಹಿಡಿಯಲಿಲ್ಲ ಅಂತ ಅವನೇ ಹೇಳುತ್ತಾನೆ. ಮುಂದೆ ಓಡಿದವರಲ್ಲಿ ಹಲವರದು ಹಿಂದೆ ಶಾಕಪ್ಸರೇ ಇಲ್ಲದ ಹಗುರ ಸೈಕಲ್. ಏರು ಹೆಚ್ಚಿರುವ ದಾರಿಗೆ ಅದೇ ಮೇಲು ಎಂದು ಈಗ ಮನೆಯಲ್ಲಿ ಹೊಸ ರಾಗ ಶುರುವಾಗಿದೆ. ಅಪ್ಪ ಕೇಳಿಸಿಕೊಂಡಿಲ್ಲದಂತೆ ಇದ್ದಾರೆ.

ಇದನ್ನು ಓದಿ ‘ಸ್ವ ಉದ್ಯೋಗಕ್ಕೆ ಒಳ್ಳೆ ಐಡಿಯಾ’ ಎನ್ನುವ ಗೆಳೆಯರಿರಬಹುದು. ನಮ್ಮ ಹಾನಗಲ್, ಹಿರೇಕೆರೂರು ಕಡೆ ಇಂಥ ಸೈಕಲ್ ಬೆರಳೆಣಿಕೆಗೂ ಸಿಗಲಿಕ್ಕಿಲ್ಲ, ಇದರಿಂದ ಹೊಟ್ಟೆ ತುಂಬುವುದಿಲ್ಲ. ಆದರೆ ಸೀಲ್, ಎಣ್ಣೆ, ಒತ್ತಡ ಎಂಬ ಮೂರು ಮಾತು ಬೈಕಿನ ಮುಂದಿನ ಫೋರ್ಕಿಗೂ ಒಂದೇ. ಅದರ ಎಣ್ಣೆ ಸೋರುವ ಬೈಕು ಪ್ರತಿ ಓಣಿಯಲ್ಲೂ ಇದೆ. ಕಾಕಾ ಹೋದ ವಾರ ಮೊದಲ ಸಲ ಒಂದು ಫೋರ್ಕ್ ಬಿಚ್ಚಿದ, ಬಿದಿರಿನ ಕಡ್ಡಿ ಕೆತ್ತಿ ಇಟ್ಟುಕೊಂಡೇ.

ಅಂಗಡಿಯ ಒಳಗೋಡೆಯ ಮೇಲೆ, ಉದ್ರಿ ಲೆಕ್ಕದ ಪಕ್ಕ, ಈಗ ಸೀಮೆಸುಣ್ಣದಲ್ಲಿ ಇನ್ನೊಂದು ಲೆಕ್ಕ ಇದೆ. ತಮ್ಮ ಸವಾರಿ ಮಾಡಿ ಬಂದಾಗಲೆಲ್ಲ ಗಂಟೆ ಎಷ್ಟಾಯಿತೆಂದು ಬರೆಯಬೇಕು, ಬರೆಯದಿದ್ದರೆ ಕಾಕಾ ಬಿಡುವುದಿಲ್ಲ. ಐವತ್ತಕ್ಕೆ ಮತ್ತೆ ಡಬ್ಬಿ ಬಿಚ್ಚಬೇಕು. ಒಳಗಿನ ಎಣ್ಣೆ, ನೈಟ್ರೋಜನ್ ಬೆಂಗಳೂರಿಗೇ ಹೋಗಬೇಕು, ಅದು ಮಳೆಗಾಲದಲ್ಲಿ, ರೇಸ್ ಇಲ್ಲದಾಗ. ಇವತ್ತಿಗೆ 31 ಗಂಟೆ ಆಗಿದೆ.